ನಾಯಕನ ಮನೆಗೆ ದಾರಿ ಯಾವುದು?

ನಮ್ಮ ಅಧ್ಯಾಪಕ ಮಿತ್ರರು ನಾಲ್ವರು ಒಂದೆಡೆ ಸೇರಿದರೆ ಈಚಿನ ದಿನಗಳಲ್ಲಿ ಒಂದು ದೂರು ತಪ್ಪದೆ ಕೇಳಿಬರುತ್ತದೆ. ಮಕ್ಕಳು ವಿಡಿಯೋ ಆಟಗಳಲ್ಲಿ ಮುಳುಗಿಹೋದರು, ನ್ಯೂಯಾರ್ಕಿನ ಸ್ಪೈಡರ್‌ಮ್ಯಾನ್‌ನ ಮನೆ ಎಲ್ಲಿದೆಯೆಂದು ಕೇಳಿದರೆ ಹೊಳೆ ದಾಟಿಸಿ, ಬೀದಿ ತಿರುಗಿಸಿ, ಬಾಗಿಲಿನವರೆಗೆ ಕರೆದೊಯ್ಯುವರು, ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಎಲ್ಲಿ ಎಂದರೆ ಮುಖ ಮುಖ ನೋಡುವರು, ಕಾಲ ಕೆಟ್ಟಿತು! ದೂರು ಸುಳ್ಳಲ್ಲ. ನಾವೂ ಕೇಳಿ ನೋಡಿದ್ದೇವೆ. ಆದರೆ ಈ ಮೊಕದ್ದಮೆಯಲ್ಲಿ ಕಟಕಟೆಯಲ್ಲಿ ನಿಲ್ಲಬೇಕಾದವರು ಹೊರಗೆ ಕುಳಿತು, ಸಾಕ್ಷಿ ಹೇಳಬೇಕಾದ ಮಕ್ಕಳನ್ನು ಒಳಗೆ ನಿಲ್ಲಿಸಿದ್ದಾರೆ ಎಂಬುದೇ ನಮ್ಮ ತಕರಾರು.

ಮೊದಲು ಆ ಆಟದ ಮಾತು. ದೂರುವವರಲ್ಲಿ ಹೆಚ್ಚಿನವರು ಅದನ್ನು ಕಣ್ಣಿಟ್ಟು ನೋಡಿದವರಲ್ಲ. ನೋಡದೆ ಬಯ್ಯುವುದು ವಿದ್ಯಾವಂತರಿಗೆ ಒಪ್ಪುವ ಕೆಲಸವಲ್ಲವಾದ್ದರಿಂದ ಸ್ವಲ್ಪ ವಿವರಿಸುತ್ತೇವೆ. ಅಮೆರಿಕದ ಇನ್‌ಸಾಮ್ನಿಯಾಕ್ ಎಂಬ ಸಂಸ್ಥೆ ೨೦೧೮ರಲ್ಲಿ ಸ್ಪೈಡರ್‌ಮ್ಯಾನ್‌ನ ಆಟವೊಂದನ್ನು ಹೊರತಂದಿತು. ಆಡುವವನು ಗೆರೆ ಹಾಕಿದ ದಾರಿಯಲ್ಲೇ ಓಡಬೇಕಾದ ಹಳೆಯ ಬಗೆಯ ಆಟವಲ್ಲ ಅದು. ಊರಿಗೆ ಊರೇ ಅವನ ಮುಂದೆ ಬಿಚ್ಚಿಕೊಂಡಿರುತ್ತದೆ. ಕಥೆಯನ್ನು ಬದಿಗಿಟ್ಟು ದಿನವಿಡೀ ಬೀದಿ ಸುತ್ತಿದರೂ ತಡೆಯುವವರಿಲ್ಲ. ೨೦೧೮ರ ಆಟದಲ್ಲಿ ಮ್ಯಾನ್‌ಹ್ಯಾಟನ್ ದ್ವೀಪ ಮಾತ್ರವಿತ್ತು. ನಾಯಕ ಪೀಟರ್ ಪಾರ್ಕರ್ ಬೆಳೆದ ಮನೆಯಾದರೋ ನದಿಯಾಚೆಯ ಕ್ವೀನ್ಸ್ ಎಂಬ ಭಾಗದಲ್ಲಿ. ಅಲ್ಲಿಗೆ ಆಗ ಹೋಗುವಂತಿರಲಿಲ್ಲ. ೨೦೨೩ರ ಅಕ್ಟೋಬರಿನಲ್ಲಿ ಎರಡನೆಯ ಆಟ ಬಂದಾಗ ನದಿಯಾಚೆಯ ಕ್ವೀನ್ಸ್, ಬ್ರೂಕ್ಲಿನ್‌ಗಳೂ ಸೇರಿದುವು. ಚಿಕ್ಕಮ್ಮ ಮೇ ಬಾಳಿದ ಮನೆ ಒಂದು ಸಾಮಾನ್ಯ ವಸತಿಬೀದಿಯಲ್ಲಿ ಎದ್ದುನಿಂತಿತು. ನಾಯಕನಿಗೆ ಬಲವಿದ್ದರೆ ಸಾಲದು, ಮನೆಯೂ ಬೇಕು ಎಂದು ಆ ಆಟದವರು ಕಂಡುಕೊಂಡಂತಿದೆ.

ಆ ಮನೆ ಅರಮನೆಯಲ್ಲ. ಚಿಕ್ಕಮ್ಮ ತೀರಿಹೋದ ಮೇಲೆ ಮನೆ ಪೀಟರನ ಪಾಲಿಗೆ ಬಂದಿದೆ, ಅದರೊಡನೆ ಸಾಲದ ಕಂತೂ ಬಂದಿದೆ. ಹಣ ಹೊಂದಿಸಲು ಅವನು ಶಾಲೆಯೊಂದರಲ್ಲಿ ವಿಜ್ಞಾನದ ಅಧ್ಯಾಪಕನಾಗಿ ಸೇರುತ್ತಾನೆ. ಊರಿಗೆ ಬಂದ ಆಪತ್ತನ್ನು ತಡೆಯಲು ತರಗತಿ ಬಿಟ್ಟೋಡಿ ಆ ಕೆಲಸವನ್ನೂ ಕಳೆದುಕೊಳ್ಳುತ್ತಾನೆ. ಲೋಕವನ್ನು ಕಾಯುವ ವೀರನೊಬ್ಬ ಮನೆಸಾಲದ ಕಂತಿಗೆ ಪರದಾಡುವ ಶಾಲಾ ಮಾಸ್ತರನಾಗಿ ಕಾಣಿಸಿಕೊಂಡರೆ, ಅದನ್ನು ನೋಡಿ ಮೊದಲು ಮರುಗಬೇಕಾದವರು ನಾವೇ ಅಲ್ಲವೆ? ಹುಡುಗರು ಆ ಮನೆಯನ್ನು ಹುಡುಕಿಕೊಂಡು ಹೋಗುವುದು ಏತಕ್ಕೆಂದು ಈಗ ತಿಳಿದೀತು. ಅಲ್ಲಿ ಹೊಡೆದಾಟಕ್ಕಿಂತ ಮಿಗಿಲಾದುದೇನೋ ಇದೆ. ಬ್ಯಾಟ್‌ಮ್ಯಾನ್‌ನ ೨೦೧೧ರ ‘ಆರ್ಕಮ್ ಸಿಟಿ’ ಎಂಬ ಆಟದಲ್ಲಿಯೂ ಒಂದು ಗಲ್ಲಿಯುಂಟು. ನಾಯಕನ ತಂದೆತಾಯಿಗಳು ಕೊಲೆಯಾದ ಸ್ಥಳ ಅದು. ಅಲ್ಲಿ ಗೆಲ್ಲುವುದಕ್ಕೂ ಸೋಲುವುದಕ್ಕೂ ಏನೂ ಇಲ್ಲ. ಆಡುವವನು ಬಯಸಿದರೆ ಒಂದು ಗಳಿಗೆ ನಿಂತು ಗೌರವ ಸಲ್ಲಿಸಬಹುದು, ಅಷ್ಟೆ. ಹಾಗೆ ನಿಲ್ಲುವ ಹುಡುಗನನ್ನು ಹೃದಯವಿಲ್ಲದವನೆಂದು ಕರೆಯಲು ನಮಗಂತೂ ಬಾಯಿ ಬಾರದು.

ಇನ್ನು ನಾವು ನಮ್ಮ ನಾಯಕನನ್ನು ಮಕ್ಕಳಿಗೆ ಹೇಗೆ ತೋರಿಸುತ್ತೇವೆಂಬುದನ್ನು ನೋಡೋಣ. ಕನ್ನಡ ಮಾಧ್ಯಮದ ಒಂಬತ್ತನೆಯ ತರಗತಿಯ ಹುಡುಗನೊಬ್ಬನನ್ನು ನಾವು ಎರಡೂ ಮನೆಗಳ ವಿಷಯ ಕೇಳಿದೆವು. ಕ್ವೀನ್ಸಿನ ಮನೆಗೆ ಅವನು ಹೇಳಿದ ದಾರಿಯಲ್ಲಿ ನದಿಯಿತ್ತು, ಸೇತುವೆಯಿತ್ತು, ಎತ್ತರದ ಕಟ್ಟಡಗಳು ಮುಗಿದು ಹೆಂಚಿನ ತಗ್ಗು ಮನೆಗಳು ತೊಡಗುವ ತಿರುವಿತ್ತು. ಪೈಗಳ ಮನೆಗೆ ಅವನಲ್ಲಿದ್ದ ಉತ್ತರ ಇಷ್ಟೆ: “ಜನನ ೧೮೮೩, ಮಂಜೇಶ್ವರ.” ಅವನು ತಪ್ಪು ಹೇಳಲಿಲ್ಲ, ನಾವು ಕಲಿಸಿದುದನ್ನೇ ಅಕ್ಷರ ಬಿಡದೆ ಒಪ್ಪಿಸಿದನು. ಪದ್ಯದ ಮೊದಲಿಗೆ ಒಂದು ಚೌಕಟ್ಟು. ಅದರಲ್ಲಿ ಜನನ, ಮರಣ, ಕೃತಿಗಳು, ಪ್ರಶಸ್ತಿಗಳು. ಆ ಚೌಕಟ್ಟಿನಲ್ಲಿ ಮಂಜೇಶ್ವರವೆಂಬುದು ಒಂದು ಊರಲ್ಲ, ಒಂದು ಅಂಕದ ಉತ್ತರ. ಕಾಸರಗೋಡಿನಿಂದ ಉತ್ತರಕ್ಕೆ ಸುಮಾರು ೩೦ ಕಿಲೋಮೀಟರು ಹೋದರೆ ಆ ಊರು ಸಿಗುತ್ತದೆಂದೂ, ಕುಂಬಳೆ, ಉಪ್ಪಳಗಳನ್ನು ದಾಟಿದ ಮೇಲೆ ರೈಲು ನಿಲ್ಲುವ ನಿಲ್ದಾಣಕ್ಕೂ ಅದೇ ಹೆಸರೆಂದೂ ಆ ಚೌಕಟ್ಟು ಹೇಳುವುದಿಲ್ಲ. ಹೇಳಬೇಕಾದವರು ಪಾಠ ಮಾಡುವ ನಾವು. ನಾವು ಹೇಳಿದ್ದೇವೆಯೆ?

ಇಲ್ಲಿ ಒಂದು ಆಕ್ಷೇಪ ಬರುವುದುಂಟು. ಕವಿಯೊಬ್ಬನು ಕಟ್ಟಡದಿಂದ ಕಟ್ಟಡಕ್ಕೆ ಹಾರುವ ವೀರನಿಗೆ ಸಮನೆ? ಮಕ್ಕಳಿಗೆ ಸಾಹಸ ಬೇಕು. ಮನೆಯಲ್ಲಿ ಕುಳಿತು ಓದಿದ, ಬರೆದ ಹಿರಿಯರೊಬ್ಬರಲ್ಲಿ ಸಾಹಸವನ್ನು ಎಲ್ಲಿಂದ ತರೋಣ? ಹೀಗೆ ಕೇಳುವವರು ಪೈಗಳನ್ನು ಚೌಕಟ್ಟಿನಾಚೆ ಓದಿಲ್ಲವೆಂದೇ ನಾವು ತಿಳಿಯಬೇಕಾಗಿದೆ. ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ ಕಟ್ಟಿಯೇ ಕನ್ನಡ ಪದ್ಯ ನಡೆಯತಕ್ಕದ್ದೆಂಬುದು ಸಾವಿರ ವರ್ಷದ ಕಟ್ಟಳೆ. ೧೯೧೧ರಲ್ಲಿ ಇನ್ನೂ ಮೂವತ್ತು ತುಂಬದ ತರುಣ, ಆ ಕಟ್ಟಳೆಯನ್ನು ಕೈಬಿಟ್ಟು ಬರೆದನು. ಬಂದ ಟೀಕೆಗೆ ಅಂಜಲಿಲ್ಲ. ಕನ್ನಡದ ಹೊಸಕವಿತೆಗೆ ಬಾಗಿಲು ತೆರೆದವರಲ್ಲಿ ಅವನೊಬ್ಬನೆಂದು ಅನಂತರದವರೆಲ್ಲರೂ ಒಪ್ಪಿಕೊಳ್ಳಬೇಕಾಯಿತು. ಇದು ಸಾಹಸವಲ್ಲದಿದ್ದರೆ ಮತ್ತಾವುದು?

ಹಾರಾಟವೇ ಬೇಕೆಂಬವರಿಗೂ ಉತ್ತರವುಂಟು. ಈಜಿಪ್ತಿನ ಆಕ್ಸಿರಿಂಕಸ್ ಎಂಬಲ್ಲಿ ಮರಳಿನಡಿ ಸಿಕ್ಕಿದ ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಅದರ ಕಥೆ ನಡೆಯುವುದು ಭಾರತದ ಕಡಲತೀರದಲ್ಲಿ. ಅಲ್ಲಿನ ರಾಜನ ಪರಿವಾರದವರು ಗ್ರೀಕರಿಗೆ ತಿಳಿಯದ ಭಾಷೆಯಲ್ಲಿ ಮಾತಾಡುತ್ತಾರೆ. ಆ ಮಾತುಗಳಲ್ಲಿ ಕನ್ನಡವಿದೆಯೇ ಎಂದು ಹುಡುಕಿದ ವಿದ್ವಾಂಸರಲ್ಲಿ ಪೈಗಳೂ ಒಬ್ಬರು. ಎಲ್ಲ ವಿದ್ವಾಂಸರೂ ಅದನ್ನು ಒಪ್ಪಿಕೊಂಡರೆಂದು ನಾವು ಹೇಳುವುದಿಲ್ಲ. ಹುಡುಕಿದ ಹುಚ್ಚನ್ನು ಮಾತ್ರ ನೋಡಿರಿ. ಮಂಜೇಶ್ವರದ ಒಂದು ಮನೆಯೊಳಗೆ ದೀಪದ ಮುಂದೆ ಕುಳಿತವನು ಅಕ್ಷರದ ಎಳೆ ಹಿಡಿದು ನೀಲನದಿಯ ನಾಡಿಗೆ ಹೋಗಿ, ತನ್ನ ಭಾಷೆಯ ಕುರುಹನ್ನು ಅರಸಿ ಬರುತ್ತಾನೆ! ಕ್ರಿಸ್ತನ ಕೊನೆಯನ್ನು ‘ಗೊಲ್ಗೊಥಾ’ದಲ್ಲಿ, ಬುದ್ಧನ ಕೊನೆಯನ್ನು ‘ವೈಶಾಖಿ’ಯಲ್ಲಿ, ಏಕಲವ್ಯನ ಕಥೆಯನ್ನು ‘ಹೆಬ್ಬೆರಳು’ ಎಂಬ ನಾಟಕದಲ್ಲಿ ಬರೆದ ಮನೆಯೂ ಅದೇ. (ಶಿಷ್ಯನ ಹೆಬ್ಬೆರಳನ್ನು ಕೇಳಿದ ಗುರುವಿನ ಕಥೆಯನ್ನು, ಶಿಷ್ಯರ ಹೆಬ್ಬೆರಳು ಮೊಬೈಲಿನ ಮೇಲಿದೆಯೆಂದು ಕೊರಗುವ ಗುರುಗಳು ಒಮ್ಮೆ ತೆರೆದು ನೋಡಬೇಕೆಂದು ನಮ್ಮ ಬಿನ್ನಹ.)

ಪೈಗಳು ಹುಟ್ಟಿದ್ದು ತಾಯಿಯ ತಂದೆಯ ಮನೆಯಲ್ಲಿ, ೧೮೮೩ರ ಮಾರ್ಚ್ ೨೩ರಂದು. ಮಂಗಳೂರಿನಲ್ಲಿಯೂ ಮದ್ರಾಸಿನಲ್ಲಿಯೂ ಓದಿದರೂ ಬಾಳಿದುದು ಮಂಜೇಶ್ವರದಲ್ಲಿ. ಮನೆಯ ಮಾತು ಕೊಂಕಣಿ, ಅಂಗಳ ದಾಟಿದರೆ ತುಳು, ಸುತ್ತಲೂ ಮಲಯಾಳ, ಬ್ಯಾರಿ, ಬರೆದುದು ಕನ್ನಡ. ಈ ಸಂಗತಿಯನ್ನು ನಾವು ತರಗತಿಯಲ್ಲಿ ಏಕೆ ಒತ್ತಿ ಹೇಳುವುದಿಲ್ಲವೋ ತಿಳಿಯದು. ನಮ್ಮ ಕನ್ನಡ ಶಾಲೆಗಳ ಬೆಂಚುಗಳ ಮೇಲೆ ಕುಳಿತ ಮಕ್ಕಳಲ್ಲಿ ಮನೆಯೊಳಗೂ ಗ್ರಂಥದ ಕನ್ನಡವನ್ನೇ ಆಡುವವರು ಎಷ್ಟು ಮಂದಿ? ಒಬ್ಬನ ಮನೆಯಲ್ಲಿ ತುಳು, ಒಬ್ಬಳ ಮನೆಯಲ್ಲಿ ಹವ್ಯಕ ನುಡಿ, ಮತ್ತೊಬ್ಬಳಲ್ಲಿ ಮರಾಟಿ, ಇನ್ನೊಬ್ಬನಲ್ಲಿ ಮಲಯಾಳ. “ನಿನ್ನ ಮನೆಮಾತು ಅದಲ್ಲವಲ್ಲ, ಕನ್ನಡ ಮಾಧ್ಯಮವೇಕೆ?” ಎಂದು ಬಂಧುಗಳು ಕೇಳಿದಾಗ ಆ ಮಗು ಏನು ಉತ್ತರಿಸಬೇಕು? ಮಂಜೇಶ್ವರದ ಆ ಮನೆಯೇ ಉತ್ತರ. ಆಶ್ಚರ್ಯವೆಂದರೆ, ಈ ಉತ್ತರದ ಹೋಲಿಕೆಯನ್ನು ಮಕ್ಕಳು ಆಟದಲ್ಲಿ ಆಗಲೇ ಕಂಡಿದ್ದಾರೆ. ೨೦೨೦ರಲ್ಲಿ ಬಂದ ಆಟದಲ್ಲಿ ಎರಡನೆಯ ಸ್ಪೈಡರ್‌ಮ್ಯಾನ್ ಮೈಲ್ಸ್ ಮೊರಾಲೆಸ್ ಎಂಬ ಹುಡುಗ. ಬ್ರೂಕ್ಲಿನ್ ಬಿಟ್ಟು ಹಾರ್ಲೆಮ್‌ಗೆ ಬಂದ ಕುಟುಂಬ. ತಾಯಿ ಪೋರ್ಟೊ ರಿಕೊ ಮೂಲದವಳು, ಮನೆಯಲ್ಲಿ ಮಗನೊಡನೆ ಸ್ಪ್ಯಾನಿಷ್ ಬೆರೆಸಿ ಮಾತಾಡುವಳು. ಹೊರಗೆ ಅವನಿಗೆ ಇಂಗ್ಲಿಷು. ಎರಡು ಮಾತಿನ ಹೊಸ್ತಿಲನ್ನು ದಿನವೂ ದಾಟುವ ಆ ಹುಡುಗನನ್ನು ನಮ್ಮ ಪೈವಳಿಕೆಯ, ಎಣ್ಮಕಜೆಯ, ಮುಳ್ಳೇರಿಯದ ಮಕ್ಕಳು ತಮ್ಮವನೆಂದು ಬಗೆದರೆ ಅದರಲ್ಲಿ ತಪ್ಪೇನಿದೆ? ಅವರಿಗೆ ಅವನು ದೊರೆತನು, ಪೈಗಳು ದೊರೆಯಲಿಲ್ಲ. ಒದಗಿಸಬೇಕಾದವರು ಒದಗಿಸಲಿಲ್ಲ.

“ಆಟವೆಂದರೆ ಪರದೇಶದ ಸರಕು, ನಮ್ಮ ಸಂಸ್ಕೃತಿಯಲ್ಲಿ ಇಂಥದಿಲ್ಲ” ಎಂಬ ಮಾತನ್ನೂ ಕೇಳಿದ್ದೇವೆ. ಇದು ತುಳುನಾಡಿನಲ್ಲಿ ಹುಟ್ಟಿ ಬೆಳೆದವರು ಆಡುವ ಮಾತಲ್ಲ. ಕೋಟಿ ಚೆನ್ನಯರ ಪಾಡ್ದನವನ್ನು ಒಮ್ಮೆ ನೆನೆಯಿರಿ. ಅದೊಂದು ಕಥೆ ಮಾತ್ರವೆ? ಪಡುಮಲೆಯಿಂದ ಪಂಜಕ್ಕೆ, ಪಂಜದಿಂದ ಎಣ್ಮೂರಿಗೆ ಅವಳಿ ವೀರರು ನಡೆದ ದಾರಿ ಅದರಲ್ಲಿದೆ. ಬೀಡುಗಳಿವೆ, ಬಲ್ಲಾಳರಿದ್ದಾರೆ, ಗದ್ದೆಯ ಅಂಚೂ ಕಟ್ಟೆಯೂ ಇವೆ. ನೇಜಿ ನೆಡುತ್ತ ಹಾಡಿದ ಹೆಂಗಸರು ಪುಸ್ತಕ ಓದಿದವರಲ್ಲ. ಆದರೆ ವೀರರ ತಾಯಿ ದೇಯಿ ಬೈದ್ಯೆತಿಯ ಮನೆ ಗೆಜ್ಜೆಗಿರಿ ನಂದನಬಿತ್ತಿಲೆಂಬುದು ಅವರಿಗೆ ಬಾಯಿಪಾಠ. ಗೆಜ್ಜೆಗಿರಿ ಇರುವುದು ನಮ್ಮ ಗಡಿಗೆ ತಾಗಿದ ಪುತ್ತೂರು ತಾಲೂಕಿನ ಬಡಗನ್ನೂರಿನ ಕಡೆ. ಗರಡಿಗಳು ಊರೂರಿಗಿದ್ದರೂ ಆ ಮೂಲದ ಮನೆ ಬಹುಕಾಲ ದೊಡ್ಡ ಸುದ್ದಿಯಿಲ್ಲದೆ ಇತ್ತು. ನಮ್ಮ ಕಾಲದಲ್ಲಿ ಭಕ್ತರು ಸೇರಿ ಅದನ್ನು ಎತ್ತಿ ಕಟ್ಟಿ ೨೦೨೦ರಲ್ಲಿ ಬ್ರಹ್ಮಕಲಶ ಮಾಡಿದರು. ಶತಮಾನಗಳ ಮೇಲೆ ಹೀಗೆ ಹುಡುಕಿ ಹೋಗುವುದು ಸಾಧ್ಯವಾದುದು ಹೇಗೆ? ಹಾಡು ದಾರಿಯನ್ನು ಕಾದಿಟ್ಟಿತ್ತು. ನಾಯಕನ ಹೆಸರನ್ನು ಮಾತ್ರ ಕಾದು ದಾರಿಯನ್ನು ಮರೆತಿದ್ದರೆ ನಂದನಬಿತ್ತಿಲು ಇಂದು ಯಾರದೋ ರಬ್ಬರು ತೋಟವಾಗಿರುತ್ತಿತ್ತು.

ದಾರಿ ಮರೆತರೆ ಏನಾಗುತ್ತದೆಂಬುದಕ್ಕೂ ನಿದರ್ಶನ ನಮ್ಮಲ್ಲೇ ಇದೆ, ದೂರ ಹೋಗಬೇಕಾಗಿಲ್ಲ. ತೆಂಕುತಿಟ್ಟಿನ ಯಕ್ಷಗಾನಕ್ಕೆ ಪಿತೃವೆಂದು ನಾವು ಕೊಂಡಾಡುವ ಪಾರ್ತಿಸುಬ್ಬ ಕುಂಬಳೆಯವನೆಂಬುದು ನಮ್ಮ ನಾಡಿನ ನಂಬುಗೆ. ಅವನ ರಾಮಾಯಣದ ಪ್ರಸಂಗಗಳನ್ನು ಭಾಗವತರು ಇಂದಿಗೂ ಹಾಡುವರು. ಮುಳಿಯ ತಿಮ್ಮಪ್ಪಯ್ಯನವರು ಅವನ ಮೇಲೆ ಒಂದು ಗ್ರಂಥವನ್ನೇ ಬರೆದರು. ಶಿವರಾಮ ಕಾರಂತರು ಪ್ರಸಂಗಗಳ ಕರ್ತೃತ್ವವನ್ನೇ ಪ್ರಶ್ನಿಸಿದರು. ಕುಕ್ಕಿಲ ಕೃಷ್ಣ ಭಟ್ಟರು ಸುಬ್ಬನ ಪರವಾಗಿ ಗ್ರಂಥಾಧಾರಗಳನ್ನು ಒಟ್ಟುಗೂಡಿಸಿದರು. ವಾದ ವಿದ್ವತ್ತಿಗೆ ಒಳ್ಳೆಯದೇ. ಆದರೆ ಇಷ್ಟೆಲ್ಲ ವಾದ ಏತಕ್ಕೆ ಬಂತು? ಇಂಥ ಮನೆಯಲ್ಲಿ, ಇಂಥ ಜಗಲಿಯ ಮೇಲೆ ಕುಳಿತು ಬರೆದನೆಂದು ಕೈದೋರಿ ಹೇಳುವ ಸಂಪ್ರದಾಯವನ್ನು ಯಾರೂ ಉಳಿಸದೆ ಹೋದುದರಿಂದ. ಕುಂಬಳೆಯ ದೇವಸ್ಥಾನದ ಮುಂದೆ ನಿಂತು “ಇಲ್ಲೇ ಎಲ್ಲಿಯೋ” ಎಂದಷ್ಟೇ ಹೇಳಬಲ್ಲೆವು. ಪೈಗಳ ವಿಷಯದಲ್ಲಿ ನಮ್ಮ ಮೊಮ್ಮಕ್ಕಳು “ಇಲ್ಲೇ ಎಲ್ಲಿಯೋ” ಎಂದು ಹೆದ್ದಾರಿಯ ಬದಿಯಲ್ಲಿ ನಿಂತು ಹೇಳುವಂತಾಗಬೇಕೆ?

“ಹಾಗೇನೂ ಆಗದು, ಸ್ಮಾರಕವಿದೆಯಲ್ಲ” ಎನ್ನುವರು. ಇದೆ, ಸಂತೋಷ. ಪೈಗಳ ಮನೆಯನ್ನು ಸ್ಮಾರಕವಾಗಿಸಿ, ಅವರ ೧೯೩೦ರ ಕವನಸಂಕಲನದ ಹೆಸರನ್ನೇ ಹಿಡಿದು ‘ಗಿಳಿವಿಂಡು’ ಎಂದು ಕರೆದಿದ್ದಾರೆ. ಅವರ ಹೆಸರಿನ ಸರಕಾರಿ ಕಾಲೇಜೂ ಮಂಜೇಶ್ವರದಲ್ಲಿದೆ. ಅವರು ಕೂಡಿಟ್ಟ ಪುಸ್ತಕಗಳು ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಸೇರಿ, ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರ ಬೆಳೆದಿದೆ. ಇವುಗಳಿಗಾಗಿ ದುಡಿದವರಿಗೆ ನಾವು ಕೈಮುಗಿಯುತ್ತೇವೆ. ಆದರೆ ಸ್ಮಾರಕ ಕಟ್ಟಿದವರು ಕಟ್ಟಿ ಮುಗಿಸಿದರು; ನಡೆದು ಹೋಗಬೇಕಾದವರು ನಡೆದೆವೆ? ಎರಡನೆಯ ರಾಷ್ಟ್ರಕವಿ ಕುವೆಂಪು ಅವರ ಕುಪ್ಪಳಿಯ ಕವಿಮನೆಗೆ ಕರ್ನಾಟಕದ ಮೂಲೆಮೂಲೆಗಳಿಂದ ಶಾಲೆಯ ಬಸ್ಸುಗಳು ಬರುತ್ತವೆ. ನಮ್ಮ ಜಿಲ್ಲೆಯ ಕನ್ನಡ ಶಾಲೆಗಳೂ ಪ್ರವಾಸ ಹೊರಡುವುದುಂಟು. ಬಸ್ಸು ಬೆಳಗಿನ ನಾಲ್ಕು ಗಂಟೆಗೆ ಹೊರಟು, ಮಕ್ಕಳೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಒರಗಿ ನಿದ್ರಿಸುತ್ತಿರುವಾಗ, ಆರು ಪಥಗಳ ಹೊಸ ಹೆದ್ದಾರಿಯಲ್ಲಿ ಮಂಜೇಶ್ವರವನ್ನು ಹಿಂದಿಕ್ಕಿ ತಲಪಾಡಿ ದಾಟಿಬಿಡುತ್ತದೆ. ಮೊದಲನೆಯ ರಾಷ್ಟ್ರಕವಿಯ ಮನೆಯನ್ನು ನಿದ್ದೆಯಲ್ಲಿ ದಾಟಿಸಿ ಎರಡನೆಯವರ ಮನೆಯನ್ನು ತೋರಿಸಲು ಮಲೆನಾಡಿಗೆ ಕರೆದೊಯ್ಯುವ ನಾವು ಮಕ್ಕಳ ಅಜ್ಞಾನಕ್ಕೆ ಮರುಗುವುದು ವಿನೋದವೇ ಸರಿ. ಕುಪ್ಪಳಿಗೆ ಹೋಗಬಾರದೆಂದು ನಾವು ಹೇಳುತ್ತಿಲ್ಲ. ದಾರಿಯಲ್ಲಿ ಇಳಿಯಿರಿ ಎನ್ನುತ್ತಿದ್ದೇವೆ.

ಇದಕ್ಕೆಲ್ಲ ರಾಜ್ಯವೇ ಕಾರಣ, ೧೯೫೬ರ ನವೆಂಬರ್ ೧ರಂದೇ ನಮ್ಮ ಕಥೆ ಮುಗಿಯಿತು ಎಂದು ನಿಟ್ಟುಸಿರಿಡುವ ಹಿರಿಯರಿದ್ದಾರೆ. ಅವರ ನೋವು ನಮ್ಮ ನೋವೂ ಹೌದು. ೧೯೪೯ರಲ್ಲಿ ಮದ್ರಾಸು ಸರಕಾರ ಪೈಗಳಿಗೆ ರಾಷ್ಟ್ರಕವಿಯ ಬಿರುದನ್ನಿತ್ತಾಗ ಆ ಮನೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ೧೯೬೩ರ ಸೆಪ್ಟೆಂಬರ್ ೬ರಂದು ಅವರು ತೀರಿಕೊಂಡಾಗ ಕೇರಳದಲ್ಲಿತ್ತು. ಮನೆ ಇದ್ದಲ್ಲೇ ಇತ್ತು, ಗಡಿ ಸರಿದಿತ್ತು. ಚಂದ್ರಗಿರಿ ಹೊಳೆಯಿಂದ ಉತ್ತರದ ನೆಲ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ ೧೯೬೭ರಲ್ಲಿ ಹೇಳಿದುದು ಕಾಗದದಲ್ಲೇ ಉಳಿಯಿತು. ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷದ ತುಂಬುಬಾಳಿನ ಉದ್ದಕ್ಕೂ, ೨೦೧೫ರಲ್ಲಿ ಕಣ್ಮುಚ್ಚುವವರೆಗೂ, ಆ ಕೊರಗನ್ನು ಬಿಟ್ಟವರಲ್ಲ. ಆದರೆ ಕಯ್ಯಾರರು ಕೊರಗುತ್ತ ಕುಳಿತವರಲ್ಲ ಎಂಬುದನ್ನೂ ನೆನೆಯಬೇಕು. ಅವರು ಶಾಲಾ ಅಧ್ಯಾಪಕರು. ಪೆರಡಾಲದಲ್ಲಿ ಪಾಠ ಹೇಳಿದರು, ತೋಟದಲ್ಲಿ ದುಡಿದರು, ಪೈಗಳ ಜೀವನವನ್ನು ಬರೆದು ನಮ್ಮ ಕೈಗಿತ್ತರು. ಅವರ ‘ಕವಿತಾ ಕುಟೀರ’ವೂ ಬದಿಯಡ್ಕದ ಕಡೆಯ ಮಕ್ಕಳಿಗೆ ನಡೆದು ಹೋಗುವ ದೂರದಲ್ಲಿದೆ. ಆ ಮನೆಯ ದಾರಿಯನ್ನು ಮಕ್ಕಳಿಗೆ ತೋರಿಸಬಾರದೆಂದು ಯಾವ ರಾಜ್ಯದ ಯಾವ ಕಾನೂನು ಹೇಳಿದೆ? ೨೦೧೭ರಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡುವ ಕಾಯಿದೆ ಬಂದಾಗ ನಾವು ಬೀದಿಗಿಳಿದೆವು, ಇಳಿಯಲೇಬೇಕಾಗಿತ್ತು. ಕನ್ನಡ ಅರಿಯದವರನ್ನು ಕನ್ನಡ ತರಗತಿಗೆ ಕಳುಹಿಸಿದಾಗ ಮಕ್ಕಳೂ ಹೆತ್ತವರೂ ಧರಣಿ ಕುಳಿತರು, ಅದೂ ಆಗಬೇಕಾದುದೇ. ಆದರೆ ಕನ್ನಡ ಬಲ್ಲ ಅಧ್ಯಾಪಕರೇ ನಿಂತಿರುವ ತರಗತಿಯಲ್ಲಿ ಪೈಗಳ ಮನೆ ಒಂದು ಅಂಕದ ಪ್ರಶ್ನೆಯಾಗಿ ಉಳಿದುದಕ್ಕೆ ತಿರುವನಂತಪುರವನ್ನು ಹೇಗೆ ದೂರೋಣ?

ಊರಹೆಸರುಗಳ ವಿಷಯವೂ ಹೀಗೆಯೇ. ೨೦೨೧ರಲ್ಲಿ ನಮ್ಮ ಊರುಗಳ ಹೆಸರನ್ನು ಮಲಯಾಳದ ರೂಪಕ್ಕೆ ತಿರುಗಿಸುತ್ತಾರೆಂದು ದೊಡ್ಡ ಗದ್ದಲವೆದ್ದಿತು. ಬೆಂಗಳೂರಿನಿಂದ ಪತ್ರಗಳು ಹೋದುವು; ಅಂಥ ಯೋಚನೆಯಿಲ್ಲವೆಂದು ಕೇರಳದ ಕಡೆಯಿಂದ ಉತ್ತರ ಬಂದಿತು. ಗದ್ದಲ ತಣ್ಣಗಾಯಿತು. ಇಂದು ಊರಿಗೆ ಬರುವವನು ಫಲಕ ಓದುವುದಕ್ಕಿಂತ ಹೆಚ್ಚಾಗಿ ಮೊಬೈಲಿನ ನಕ್ಷೆಯನ್ನೇ ನೋಡುತ್ತಾನೆ. ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯಲ್ಲಿ ಯಾರು ಬೇಕಾದರೂ ಖಾತೆ ತೆರೆದು, ಒಂದು ಊರಿನ ಹೆಸರನ್ನು ಕನ್ನಡ ಲಿಪಿಯಲ್ಲಿಯೂ ಸೇರಿಸಬಹುದು. ಹಣ ಬೇಡ, ಅರ್ಜಿ ಬೇಡ, ಮಂತ್ರಿಗಳ ಮರ್ಜಿ ಬೇಡ. ಮನವಿಪತ್ರಕ್ಕೆ ಸಹಿ ಹಾಕಿದ ನಮ್ಮಲ್ಲಿ ಎಷ್ಟು ಮಂದಿ ಸ್ವಂತ ಕೈಯಿಂದ ಅಲ್ಲಿ ಒಂದು ಹೆಸರನ್ನು ಬರೆದಿದ್ದೇವೆ? ನಾವು ಬಯ್ಯುವ ಆ ‘ಆಟದ ಹುಡುಗರು’ ಒಂದು ಮಧ್ಯಾಹ್ನದಲ್ಲಿ ಈ ಕೆಲಸವನ್ನು ನಮಗೆ ಕಲಿಸಿಕೊಟ್ಟಾರು. ನಕ್ಷೆ ಓದುವ, ನೆಲೆ ಹುಡುಕುವ ಚಾತುರ್ಯ ಅವರಲ್ಲಿ ನಮಗಿಂತ ಬಹಳ ಹೆಚ್ಚು. ಅದನ್ನು ಬೆಳೆಸಿದುದು ಯಾವ ಗುರುಕುಲವೂ ಅಲ್ಲ.

ಆ ಆಟದಿಂದ ಅಧ್ಯಾಪಕರು ಕಲಿಯತಕ್ಕ ಇನ್ನೊಂದು ಉಪಾಯವಿದೆ. ೨೦೧೮ರ ಆಟದಲ್ಲಿ ನಗರದ ಮೂಲೆಮೂಲೆಗಳಲ್ಲಿ ಒಟ್ಟು ೫೫ ಬೆನ್ನುಚೀಲಗಳನ್ನು ಅಡಗಿಸಿಟ್ಟಿದ್ದಾರೆ. ಪೀಟರ್ ಹುಡುಗನಾಗಿದ್ದಾಗಿನಿಂದ ಅಲ್ಲಲ್ಲಿ ಬಿಟ್ಟುಹೋದವು. ಒಂದೊಂದರಲ್ಲಿ ಒಂದೊಂದು ಹಳೆಯ ವಸ್ತು. ತೆಗೆದು ನೋಡಿದರೆ ಅದರ ಹಿಂದಿನ ನೆನಪನ್ನು ಅವನು ಒಂದೆರಡು ಮಾತಿನಲ್ಲಿ ಹೇಳುತ್ತಾನೆ. ಇಡೀ ಜೀವನಚರಿತ್ರೆಯನ್ನು ಒಂದೇ ಚೌಕಟ್ಟಿನಲ್ಲಿ ತುರುಕಿ “ಬಾಯಿಪಾಠ ಮಾಡು” ಎನ್ನುವುದಿಲ್ಲ. ನಡೆದವನಿಗೆ, ಹುಡುಕಿದವನಿಗೆ ತುಣುಕು ತುಣುಕಾಗಿ ನಾಯಕ ಸಿಗುತ್ತಾನೆ, ಸಿಕ್ಕಿದುದು ಮರೆಯುವುದಿಲ್ಲ. ಪೈಗಳ ಬಾಳಿನಲ್ಲಿ ಇಂಥ ಚೀಲಗಳಿಗೆ ಬರವೆ? ಪ್ರಾಸ ಬಿಟ್ಟ ೧೯೧೧ ಒಂದು ಚೀಲ. ಈಜಿಪ್ತಿನ ಹಾಳೆ ಒಂದು. ೧೯೫೧ರಲ್ಲಿ ಮುಂಬಯಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಒಂದು. ಉಡುಪಿಗೆ ಹೋದ ಪುಸ್ತಕಗಳೇ ಒಂದು ದೊಡ್ಡ ಮೂಟೆ. ಪಕ್ಕದ ಅನಂತೇಶ್ವರ ದೇವಾಲಯ, ಬಂಗ್ರಮಂಜೇಶ್ವರದ ಜೈನ ಬಸದಿ, ಬುದ್ಧನ ಕುರಿತೂ ಕ್ರಿಸ್ತನ ಕುರಿತೂ ಬರೆದ ಕವಿಯ ನೆರೆಹೊರೆಯಾಗಿ ಇವುಗಳನ್ನು ನೋಡಿದ ಮಗುವಿಗೆ ಪೈಗಳ ಮನಸ್ಸಿನ ಹರಹು ಸ್ವಲ್ಪವಾದರೂ ತೋರೀತು. ಅಧ್ಯಾಪಕರು ಚೀಲಗಳನ್ನು ಕಟ್ಟಿಕೊಡಬೇಕೆಂದೂ ಇಲ್ಲ. ಎಲ್ಲಿ ಹುಡುಕಬೇಕೆಂದು ಹೇಳಿ ಮಕ್ಕಳ ಹಿಂದೆ ನಡೆದರೆ ಸಾಕು.

ವಿದ್ಯಾರ್ಥಿ ಮಿತ್ರರಿಗೂ ಒಂದು ಮಾತು, ಏಕಪಕ್ಷವಾಗಿ ನಿಮ್ಮನ್ನು ಹೊಗಳಿದೆವೆಂದು ಬೀಗಬೇಡಿರಿ. ಸ್ಪೈಡರ್‌ಮ್ಯಾನ್ ಮೊದಲು ಚಿತ್ರಕಥೆಯಾಗಿ ಅಚ್ಚಾದುದು ೧೯೬೨ರಲ್ಲಿ. ಮಂಜೇಶ್ವರದಲ್ಲಿ ಪೈಗಳು ಆಗ ಇನ್ನೂ ಬದುಕಿದ್ದರು. ಅವನ ಮನೆ ಕಾಗದದಿಂದ ಪರದೆಗೆ ಬಂದು ನಿಮ್ಮ ಕಣ್ಣಿಗೆ ನಿಜವಾದುದು ನೂರಾರು ಮಂದಿ ಕುಳಿತು ಅದರ ಹೆಂಚು, ಕಿಟಕಿ, ಮೆಟ್ಟಿಲು ಒಂದೊಂದನ್ನೂ ಬರೆದುದರಿಂದ. ಪೈಗಳ ಮನೆಯನ್ನು ಹಾಗೆ ಬರೆಯುವವರು ಎಲ್ಲಿಂದಲೋ ಬರುವುದಿಲ್ಲ. ಅದನ್ನು ಅಳೆದು, ಚಿತ್ರ ತೆಗೆದು, ಹೆದ್ದಾರಿಯಿಂದ ಎಷ್ಟು ಹೆಜ್ಜೆ, ಯಾವ ಮರದ ಬಳಿ ತಿರುವು ಎಂದು ಗುರುತು ಮಾಡಬಲ್ಲವರು ನೀವೇ. ನಾಳೆ ನಿಮ್ಮಲ್ಲೊಬ್ಬರು ಮಂಜೇಶ್ವರದಿಂದ ಚಂದ್ರಗಿರಿಯವರೆಗೆ ಸುತ್ತಾಡಬಹುದಾದ ಒಂದು ಆಟವನ್ನೇ ಕಟ್ಟಿದರೆ ನಾವಂತೂ ಬೆರಗಾಗೆವು. ಅದಕ್ಕೆ ಬೇಕಾದ ಅಳತೆಗಳಾದರೂ ಯಾರ ಬಳಿಯಾದರೂ ಇರಬೇಡವೆ?

ಈಗ ಕಾರ್ಯದ ಮಾತು. ಮಾರ್ಚ್ ೨೩ ಪೈಗಳ ಜಯಂತಿ. ಅದು ಪರೀಕ್ಷೆಯ ದಿನಗಳ ನಡುವೆ ಬೀಳುವುದರಿಂದ ಶಾಲೆಗಳಲ್ಲಿ ಪಟಕ್ಕೊಂದು ಹಾರ ಹಾಕುವುದಕ್ಕೂ ಪುರುಸೊತ್ತಿಲ್ಲವೆಂಬುದು ನಿಜ. ಸಂಘಗಳು ಸಂಜೆ ಭಾಷಣವಿಟ್ಟರೆ ಕೇಳುವವರು ನಾವು ನಾವೇ. ಆದರೆ ಅವರು ತೀರಿಹೋದ ಸೆಪ್ಟೆಂಬರ್ ೬ ಅಧ್ಯಾಪಕರ ದಿನದ ಮರುದಿನ. ಹಿಂದಿನ ದಿನ ಮಕ್ಕಳು ನಮಗೆ ಹೂ ಕೊಡುತ್ತಾರೆ. ಮರುದಿನ ನಾವು ಅವರಿಗೆ ದಾರಿಯನ್ನು ತೋರಿಸಲು ಅಡ್ಡಿಯೇನು? ಓಣಂ ರಜೆ ಅಡ್ಡ ಬಂದ ವರ್ಷ ಒಂದು ವಾರ ಮುಂದೆ ಹಾಕಿಕೊಳ್ಳೋಣ. ಬಸ್ಸನ್ನು ಬಾಡಿಗೆಗೆ ಹಿಡಿಯಬೇಕಾಗಿಲ್ಲ, ಲೋಕಲ್ ರೈಲು ಇದೆ. ಒಂದು ಶಾಲೆಯಿಂದ ಹತ್ತು ಮಕ್ಕಳು ಸಾಕು. ಮಂಜೇಶ್ವರದಲ್ಲಿ ಇಳಿದು, ನಕ್ಷೆ ನೋಡದೆ, ಅಂಗಡಿಯವರನ್ನೂ ಆಟೋದವರನ್ನೂ ಕೇಳಿಕೊಂಡು ಪೈಗಳ ಮನೆಗೆ ನಡೆಯಲಿ. ಯಾರು ಯಾವ ಭಾಷೆಯಲ್ಲಿ ಹೇಗೆ ದಾರಿ ಹೇಳಿದರು, ಯಾರಿಗೆ ಗೊತ್ತಿರಲಿಲ್ಲ ಎಂಬುದನ್ನು ಇದ್ದುದಿದ್ದಂತೆ ಕನ್ನಡದಲ್ಲಿ ಬರೆದು ತರಲಿ. ಅಧ್ಯಾಪಕರು ಕಾಗುಣಿತವನ್ನಷ್ಟೇ ತಿದ್ದಿ ಕಳುಹಿಸಿದರೆ, ಬಂದ ಬರೆಹಗಳನ್ನೆಲ್ಲ ಈ ಪುಟಗಳಲ್ಲಿ ಅಚ್ಚು ಮಾಡುವ ಹೊಣೆ ನಮ್ಮದು.